ಗಣಿಯೂರಿನ ನಗರವೈದ್ಯ

ಅಮೆರಿಕ ದೇಶದ ನಾಣ್ಯಕ್ಕೆ ಡಾಲರ್ ಎಂಬ ಹೆಸರಿರುವುದು ಎಲ್ಲರೂ ಬಲ್ಲ ಸಂಗತಿ. ಆ ಹೆಸರಿನ ಜಾಡನ್ನು ಹಿಡಿದು ಹಿಂದಕ್ಕೆ ನಡೆದರೆ ನಾವು ಬೊಹೀಮಿಯ, ಸ್ಯಾಕ್ಸನಿ ಸೀಮೆಗಳ ಗಡಿಯಲ್ಲಿರುವ ಒಂದು ಇಕ್ಕಟ್ಟಾದ ಕಣಿವೆಯನ್ನು ಮುಟ್ಟುತ್ತೇವೆ. ಆ ಬೆಟ್ಟಸಾಲಿಗೆ ಜರ್ಮನರು ಕೊಟ್ಟಿರುವ ಹೆಸರಿಗೆ ‘ಅದಿರಿನ ಬೆಟ್ಟಗಳು’ ಎಂದೇ ಅರ್ಥ. ಬೆಳ್ಳಿ ದೊರೆಯಿತೆಂಬ ಸುದ್ದಿ ಹಬ್ಬಿದೊಡನೆ, ೧೫೧೬ನೆಯ ಇಸವಿಯಲ್ಲಿ, ಆ ಪ್ರಾಂತದ ಒಡೆಯನಾದ ಶ್ಲಿಕ್ ಮನೆತನದ ಕೌಂಟನು ಅಲ್ಲಿ ಊರೊಂದನ್ನು ಕಟ್ಟಿಸಿದನು. ಸಂತ ಯೊಆಖಿಮನ ಹೆಸರಿನಿಂದ ಅದು ಯೊಆಖಿಮ್ಸ್‌ಟಾಲ್ ಎನಿಸಿತು. ಯೊಆಖಿಮನ ಕಣಿವೆ ಎಂದರ್ಥ. ಅಲ್ಲಿ ಮುದ್ರಿತವಾದ ದಪ್ಪ ಬೆಳ್ಳಿಯ ನಾಣ್ಯವು ಯೊಆಖಿಮ್ಸ್‌ಟಾಲರ್ ಎಂದು ಪ್ರಸಿದ್ಧವಾಗಿ, ಸಂತೆ ಪೇಟೆಗಳಲ್ಲಿ ಸವೆದು ಬರಿಯ ಟಾಲರ್ ಆಗಿ, ನಾಡಿನಿಂದ ನಾಡಿಗೆ ಸಾಗುತ್ತ ಕಡೆಗೆ ಡಾಲರ್ ಆಯಿತು.

ಆದರೆ ನಾವು ಇಲ್ಲಿ ಹೇಳಹೊರಟಿರುವುದು ನಾಣ್ಯದ ಚರಿತ್ರೆಯನ್ನಲ್ಲ. ಆ ಬೆಳ್ಳಿಯನ್ನು ಅಗೆದು ತೆಗೆದವರ ನಾಡಿ ಹಿಡಿದು ನೋಡಿದ ಒಬ್ಬ ವೈದ್ಯನ ಚರಿತ್ರೆಯನ್ನು. ಆತನ ಹೆಸರು ಗೆಯೋರ್ಗಿಯುಸ್ ಅಗ್ರಿಕೋಲ. ಲೋಹಶಾಸ್ತ್ರದ ಮೂಲಪುರುಷನೆಂದು ಅವನನ್ನು ಕೊಂಡಾಡುವವರು ಬಹು ಮಂದಿ. ಆದರೆ ಅವನು ಬದುಕಿರುವಷ್ಟು ಕಾಲವೂ ಅನ್ನವನ್ನು ಕೊಟ್ಟ ಉದ್ಯೋಗ ಬೇರೆ. ಅವನು ಪೌರಸಭೆಯವರಿಂದ ವರ್ಷಾಶನವನ್ನು ಪಡೆಯುತ್ತಿದ್ದ ನಗರವೈದ್ಯನಾಗಿದ್ದನು.

ಅವನು ಹುಟ್ಟಿದ್ದು ೧೪೯೪ನೆಯ ಇಸವಿ ಮಾರ್ಚಿ ೨೪ರಂದು, ಸ್ಯಾಕ್ಸನಿಯ ಗ್ಲೌಖೌ ಎಂಬ ಊರಿನಲ್ಲಿ. ತಂದೆ ಬಟ್ಟೆಯ ಕಸಬಿನವನು. ಮನೆಯವರು ಇಟ್ಟ ಹೆಸರು ಗೆಯೋರ್ಗ್ ಬೌವರ್. ಬೌವರ್ ಎಂದರೆ ನಮ್ಮ ಮಾತಿನಲ್ಲಿ ಒಕ್ಕಲು ಮಗ. ಆ ಕಾಲದ ವಿದ್ವಾಂಸರಿಗೆ ತಂತಮ್ಮ ಮನೆಮಾತಿನ ಹೆಸರುಗಳು ಒರಟೆಂದು ತೋರಿ, ಅವನ್ನು ಲ್ಯಾಟಿನಿಗೋ ಗ್ರೀಕಿಗೋ ತಿರುಗಿಸಿಕೊಳ್ಳುವ ಚಾಳಿ ಹುಟ್ಟಿತ್ತು. ಹಾಗಾಗಿ ಬೌವರನು ಅದೇ ಅರ್ಥವುಳ್ಳ ಅಗ್ರಿಕೋಲನಾದನು. ಲೈಪ್‌ಜಿಗ್ ವಿಶ್ವವಿದ್ಯಾನಿಲಯವನ್ನು ೧೫೧೪ರಲ್ಲಿ ಸೇರಿ, ೧೫೧೮ರಿಂದ ಟ್ಸ್ವಿಕೌ ಪಟ್ಟಣದಲ್ಲಿ ಉಪಾಧ್ಯಾಯನಾಗಿ ಗ್ರೀಕ್ ಭಾಷೆಯನ್ನು ಕಲಿಸಿ, ಮತ್ತೆ ಲೈಪ್‌ಜಿಗ್ಗಿಗೆ ಹಿಂದಿರುಗಿ ವೈದ್ಯವನ್ನು ಕೈಗೆತ್ತಿಕೊಂಡನು. ಅಲ್ಲಿಂದ ಇಟಲಿಗೆ ಪ್ರಯಾಣ. ವೈದ್ಯಶಾಸ್ತ್ರಕ್ಕೆ ಆಗ ಇಟಲಿಯೇ ಕಾಶಿ. ವೆನಿಸ್ ನಗರದ ಆಲ್ಡಸ್ ಮುದ್ರಣಾಲಯದವರು ಗ್ಯಾಲೆನನ ಗ್ರಂಥಗಳನ್ನು ಮೂಲ ಗ್ರೀಕಿನಲ್ಲಿ ಮೊದಲ ಬಾರಿಗೆ ಅಚ್ಚು ಹಾಕುತ್ತಿದ್ದ ಸಮಯ ಅದು. ೧೫೨೫ರಲ್ಲಿ ಐದು ಸಂಪುಟಗಳಾಗಿ ಹೊರಬಂದ ಆ ಮಹಾಕಾರ್ಯದಲ್ಲಿ ಕೈ ಸೇರಿಸಿದ ತರುಣ ವಿದ್ವಾಂಸರಲ್ಲಿ ಅಗ್ರಿಕೋಲನೂ ಒಬ್ಬನು. ಹದಿಮೂರು ಶತಮಾನಗಳ ಹಿಂದಣ ವೈದ್ಯನೊಬ್ಬನ ಮಾತನ್ನು ಅಕ್ಷರ ಅಕ್ಷರವಾಗಿ ತಿದ್ದುತ್ತ ಕುಳಿತ ಆ ಅನುಭವ ಮುಂದೆ ಅವನಿಗೆ ಒದಗಿ ಬಂದ ಬಗೆ ವಿಚಿತ್ರವಾದುದು. ಅದನ್ನು ಮುಂದೆ ನೋಡೋಣ.

ನಗರವೈದ್ಯನೆಂದರೆ ಯಾರು? ಜರ್ಮನ್ ಸೀಮೆಯ ಸ್ವತಂತ್ರ ನಗರಗಳಲ್ಲಿ ಈ ಪದವಿ ಅಗ್ರಿಕೋಲನಿಗಿಂತ ಬಹಳ ಹಿಂದೆಯೇ ಇತ್ತು. ೧೪೩೯ರ ಸುಮಾರಿನಲ್ಲಿ ಹುಟ್ಟಿ, ಸಾಮ್ರಾಟ ಸಿಗಿಸ್ಮಂಡನ ಹೆಸರಿನಲ್ಲಿ ಹಬ್ಬಿದ ಒಂದು ಸುಧಾರಣಾ ಪತ್ರದಲ್ಲಿ, ಒಂದೊಂದು ಸಾಮ್ರಾಜ್ಯನಗರದಲ್ಲಿಯೂ ಪಂಡಿತನಾದ ವೈದ್ಯನೊಬ್ಬನಿರತಕ್ಕದ್ದು, ಅವನಿಗೆ ೧೦೦ ಗುಲ್ಡನ್ ವರಮಾನವಿರತಕ್ಕದ್ದು ಎಂಬ ಸಲಹೆಯಿದೆ. ಪೌರಸಭೆಯವರು ವೈದ್ಯನೊಡನೆ ಕರಾರು ಮಾಡಿಕೊಳ್ಳುತ್ತಿದ್ದರು. ವರ್ಷಕ್ಕಿಷ್ಟು ಹಣ, ಕೆಲವೆಡೆ ಇರಲು ಮನೆ, ಉರಿಸಲು ಸೌದೆ. ಅದಕ್ಕೆ ಪ್ರತಿಯಾಗಿ ಅವನು ಬಡವರನ್ನು ಹಣವಿಲ್ಲದೆ ನೋಡಬೇಕು. ಔಷಧದ ಅಂಗಡಿಗಳಿಗೆ ಹೋಗಿ ಜಾಡಿಗಳ ಮುಚ್ಚಳ ತೆಗೆಸಿ ಬೇರು ನಾರುಗಳು ಹಳಸಿವೆಯೆ, ತೂಕ ಸರಿಯಿದೆಯೆ ಎಂದು ಪರೀಕ್ಷಿಸಬೇಕು. ಸೂಲಗಿತ್ತಿಯರ ಜ್ಞಾನವನ್ನು ವಿಚಾರಿಸಬೇಕು. ಕುಷ್ಠವೆಂದು ಗುಮಾನಿಯಾದವರನ್ನು ನೋಡಿ ಅವರು ಊರೊಳಗಿರಬಹುದೇ ಹೊರಗೆ ಹೋಗಬೇಕೇ ಎಂಬ ಘೋರವಾದ ತೀರ್ಪನ್ನು ಕೊಡಬೇಕು. ಪಿಡುಗು ಬಂದಾಗ ಊರನ್ನು ಬಿಟ್ಟು ಓಡಬಾರದು. ಈ ಕಡೆಯ ಷರತ್ತನ್ನು ಕರಾರುಗಳಲ್ಲಿ ಬಿಡಿಸಿ ಬರೆಯಬೇಕಾಗಿ ಬಂತೆಂಬುದರಿಂದಲೇ ಪಿಡುಗಿನ ಕಾಲದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಊಹಿಸಬಹುದು.

ಅವನಿಗೆ ಸ್ಪರ್ಧಿಗಳೂ ಕಡಮೆಯಿರಲಿಲ್ಲ. ಲ್ಯಾಟಿನ್ ಓದಿದ ವೈದ್ಯನು ಕತ್ತಿ ಮುಟ್ಟುತ್ತಿರಲಿಲ್ಲ. ಹುಣ್ಣು ಕೊಯ್ಯುವುದು, ಮೂಳೆ ಕೂಡಿಸುವುದು, ರಕ್ತ ಇಳಿಸುವುದು ಕ್ಷೌರಿಕರ ಮತ್ತು ಸ್ನಾನಗೃಹದವರ ಪಾಲು. ಹಲ್ಲು ಕೀಳುವವರೂ ಕಲ್ಲು ತೆಗೆಯುವವರೂ ಜಾತ್ರೆಯಿಂದ ಜಾತ್ರೆಗೆ ತಿರುಗುತ್ತಿದ್ದರು. ಮನೆಮದ್ದು ಬಲ್ಲ ಮುದುಕಿಯರು ಓಣಿಗೊಬ್ಬರಿದ್ದರು. ಇಷ್ಟು ಜನರ ನಡುವೆ ನಗರವೈದ್ಯನ ಬಂಡವಾಳವೆಂದರೆ ಅವನ ಗ್ರಂಥಜ್ಞಾನ, ಮೂತ್ರವನ್ನು ಬೆಳಕಿಗೆ ಹಿಡಿದು ನೋಡುವ ಗಾಜಿನ ಬುರುಡೆ, ಮತ್ತು ರಕ್ತ, ಕಫ, ಹಳದಿ ಪಿತ್ತ, ಕರಿಯ ಪಿತ್ತಗಳೆಂಬ ನಾಲ್ಕು ರಸಗಳ ಸಿದ್ಧಾಂತ. ವಾತ ಪಿತ್ತ ಕಫಗಳ ಮಾತನ್ನು ಮನೆಯಲ್ಲಿ ಕೇಳಿ ಬೆಳೆದ ನಮಗೆ ಈ ವಿಚಾರಸರಣಿ ತೀರ ಅಪರಿಚಿತವೆನಿಸದು. ರೋಗವು ಒಳಗಿನ ಸಮತೆ ಕೆಟ್ಟುದರ ಫಲ; ಪಥ್ಯದಿಂದಲೂ ಶೋಧನದಿಂದಲೂ ಅದನ್ನು ಸರಿಪಡಿಸಬೇಕು: ಇದು ಗ್ಯಾಲೆನನ ಮತ.

ಈ ಮತವನ್ನು ಕಲಿತು, ಷ್ನೇಬೆರ್ಗ್ ಎಂಬ ಗಣಿಯೂರಿನ ವಿಧವೆಯೊಬ್ಬಳನ್ನು ವಿವಾಹವಾಗಿ, ಅಗ್ರಿಕೋಲನು ೧೫೨೭ರಲ್ಲಿ ಯೊಆಖಿಮ್ಸ್‌ಟಾಲಿನ ನಗರವೈದ್ಯನಾಗಿ ಬಂದನು. ಆಗ ಊರಿಗೆ ಹನ್ನೊಂದೇ ವರ್ಷ ವಯಸ್ಸು. ಕಾಡು ಕಡಿದ ಜಾಗದಲ್ಲಿ ಮರದ ಮನೆಗಳು ಒತ್ತೊತ್ತಾಗಿ ಎದ್ದಿದ್ದವು. ನಾಲ್ಕು ದಿಕ್ಕಿನಿಂದಲೂ ಕೂಲಿಗಾರರೂ, ಅಗಸಾಲೆಗಳೂ, ವರ್ತಕರೂ, ಮೋಸಗಾರರೂ ಬಂದು ಸೇರುತ್ತಿದ್ದರು. ಅವನು ಬರುವುದಕ್ಕೆ ಎರಡು ವರ್ಷ ಮುಂಚೆ, ೧೫೨೫ರ ರೈತರ ದಂಗೆಯ ಕಾಲದಲ್ಲಿ, ಅಲ್ಲಿನ ಗಣಿಗಾರರೂ ಒಡೆಯರ ಮೇಲೆ ಎದ್ದಿದ್ದರು. ೧೫೩೦ರ ದಶಕದ ಮೊದಲ ವರ್ಷಗಳಲ್ಲಿ ಊರಿನ ಜನಸಂಖ್ಯೆ ಸುಮಾರು ೧೮,೦೦೦ಕ್ಕೆ ಏರಿತ್ತೆಂದು ಲೆಕ್ಕ. ಬೊಹೀಮಿಯ ರಾಜ್ಯದಲ್ಲಿ ಪ್ರಾಗ್ ನಗರವನ್ನು ಬಿಟ್ಟರೆ ಅಷ್ಟು ಜನರಿದ್ದ ಊರು ಅಪರೂಪ.

ಪಡುವಾ, ಬೊಲೋನ್ಯಗಳಲ್ಲಿ ಕಲಿತುಬಂದ ಪಂಡಿತನು ಇಂತಹ ಕೆಸರಿನ ಊರನ್ನು ಏಕೆ ಆರಿಸಿಕೊಂಡನು? ಇದಕ್ಕೆ ಉತ್ತರವು ನಾವು ಮೇಲೆ ಹೇಳಿದ ಗ್ಯಾಲೆನನ ಸಂಪುಟಗಳಲ್ಲಿದೆ. ಪ್ರಾಚೀನ ಗ್ರೀಕ್ ವೈದ್ಯರು ಗಿಡಮೂಲಿಕೆಗಳ ಜೊತೆಗೆ ಭೂಮಿಯಿಂದ ತೆಗೆದ ಎಷ್ಟೋ ದ್ರವ್ಯಗಳನ್ನು ಔಷಧಗಳೆಂದು ಹೇಳಿದ್ದರು. ಹೆಸರುಗಳು ಗ್ರಂಥದಲ್ಲಿ ಉಳಿದಿದ್ದವು. ವಸ್ತುಗಳು ಯಾವುವೆಂಬುದು ಮರೆತುಹೋಗಿತ್ತು. ಕಣ್ಣಿನ ಹುಣ್ಣಿಗೆ ಇಂತಹ ಕಲ್ಲಿನ ಪುಡಿ ಎಂದು ಗ್ಯಾಲೆನನು ಬರೆದಿದ್ದರೆ, ಆ ಕಲ್ಲನ್ನು ಅಂಗಡಿಯವನಿಗೆ ತೋರಿಸಿ ಇದೇ ಎಂದು ಹೇಳಬಲ್ಲವರಿಲ್ಲ. ಸಂಜೀವಿನಿಯ ಗುರುತು ತಿಳಿಯದೆ ಬೆಟ್ಟವನ್ನೇ ಹೊತ್ತು ತಂದ ಹನುಮಂತನ ಕಥೆ ಇಲ್ಲಿ ನಮಗೆ ನೆನಪಾಗುತ್ತದೆ. ಈ ವೈದ್ಯನು ಬೆಟ್ಟವಿದ್ದ ಕಡೆಗೆ ತಾನೇ ನಡೆದನು. ರೋಗಿಗಳನ್ನು ನೋಡಿ ಉಳಿದ ಹೊತ್ತೆಲ್ಲವನ್ನೂ ಗಣಿಗಳಲ್ಲಿಯೂ ಕುಲುಮೆಗಳಲ್ಲಿಯೂ ಕಳೆದು, ಅನುಭವಿಗಳಾದ ಗಣಿಗಾರರನ್ನು ಮಾತನಾಡಿಸಿ, ಅವರು ತೋರಿದ ಕಲ್ಲುಗಳನ್ನು ಪುಸ್ತಕದ ಹೆಸರುಗಳೊಡನೆ ಹೊಂದಿಸಿ ನೋಡಿದನು.

ಇದರ ಫಲವಾಗಿ ‘ಬೆರ್ಮಾನ್ನುಸ್’ ಎಂಬ ಚಿಕ್ಕ ಗ್ರಂಥವು ೧೫೩೦ರಲ್ಲಿ ಬಾಸೆಲ್ ನಗರದ ಫ್ರೋಬೆನ್ ಮುದ್ರಣಾಲಯದಿಂದ ಹೊರಬಿತ್ತು. ಅದು ಸಂವಾದರೂಪದ್ದು. ಗಣಿಯ ಕೆಲಸದಲ್ಲಿ ನುರಿತವನೊಬ್ಬನು ಇಬ್ಬರು ವೈದ್ಯರೊಡನೆ ಬೆಟ್ಟದ ಮೇಲೆ ಅಡ್ಡಾಡುತ್ತ ಅದಿರುಗಳ ವಿಷಯವನ್ನು ಚರ್ಚಿಸುತ್ತಾನೆ. ಪಂಡಿತರು ಗ್ರಂಥದ ಮಾತನ್ನೆತ್ತಿದರೆ ಗಣಿಗಾರನು ಕಲ್ಲನ್ನೆತ್ತಿ ತೋರಿಸುತ್ತಾನೆ. ಯೂರೋಪಿನಲ್ಲೆಲ್ಲ ಮಾನ್ಯನಾಗಿದ್ದ ಎರಾಸ್ಮಸ್ ಪಂಡಿತನೇ ಈ ಪುಸ್ತಕಕ್ಕೆ ಮೆಚ್ಚುಗೆಯ ಮುನ್ನುಡಿಯನ್ನು ಬರೆದುಕೊಟ್ಟನು. ಬಿಸ್ಮತ್ ಎಂಬ ಲೋಹವು ಸೀಸವೂ ಅಲ್ಲ, ತವರವೂ ಅಲ್ಲ, ಬೇರೆಯದೇ ಎಂಬ ಮಾತು ಪುಸ್ತಕಕ್ಕೆ ಬಂದದ್ದು ಇಲ್ಲಿ. ವಿದ್ವಾಂಸನಾದವನು ಓದುಬರಹ ಬಲ್ಲವನಿಂದಲೇ ಕಲಿಯಬೇಕೆಂಬ ಅಭಿಮಾನ ಬಲವಾಗಿದ್ದ ಕಾಲದಲ್ಲಿ, ಕೈ ಮಸಿಯಾದವನನ್ನು ಗುರುಸ್ಥಾನದಲ್ಲಿ ಕೂರಿಸಿ ವೈದ್ಯರನ್ನು ಶಿಷ್ಯರನ್ನಾಗಿ ಮಾಡಿದ್ದು ಸಾಮಾನ್ಯವಾದ ಧೈರ್ಯವಲ್ಲವೆಂದು ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಒಂದು ಗಣಿಯ ಬಂಡವಾಳವನ್ನು ೧೨೮ ಪಾಲುಗಳಾಗಿ ಮಾಡಿ ಮಾರುವುದು ಆ ಸೀಮೆಯ ಪದ್ಧತಿಯಾಗಿತ್ತು. ಬೆಳ್ಳಿ ಸಿಕ್ಕರೆ ಪಾಲುದಾರನಿಗೆ ಲಾಭ. ಸಿಗದಿದ್ದರೆ ಖರ್ಚಿಗೆ ಅವನೇ ಮತ್ತೆ ಕೈಯಿಂದ ಹಣ ಹಾಕಬೇಕು. ನಗರವೈದ್ಯನೂ ಪಾಲು ಕೊಂಡನು. ‘ದೇವರ ಕೊಡುಗೆ’ ಎಂಬ ಹೆಸರಿನ ಗಣಿಯಲ್ಲಿ ಅವನು ಹಾಕಿದ ಹಣ ಚೆನ್ನಾಗಿ ಫಲಿಸಿ, ಅವನಿಗೆ ಜೀವನದುದ್ದಕ್ಕೂ ನೆಮ್ಮದಿಯನ್ನು ತಂದಿತು. ಹೀಗೆ ಹಗಲಿನಲ್ಲಿ ಗಣಿಗಾರರ ಕೆಮ್ಮನ್ನು ಕೇಳುತ್ತಿದ್ದವನು ಅವರ ದುಡಿಮೆಯ ಲಾಭದಲ್ಲಿ ಭಾಗಿಯೂ ಆಗಿದ್ದನು. ಇದನ್ನು ನಾವು ದೂಷಣೆಗಾಗಿ ಹೇಳುತ್ತಿಲ್ಲ. ಆ ಊರಿನಲ್ಲಿ ಹಣವಿದ್ದವರೆಲ್ಲರೂ ಮಾಡಿದ ಕೆಲಸವೇ ಅದು. ಆದರೆ ಅವನ ಮುಂದಿನ ಬರಹವನ್ನು ಓದುವಾಗ ಇದನ್ನು ಮರೆಯುವಂತಿಲ್ಲ.

ಸುಮಾರು ೧೫೩೧ರಲ್ಲಿ ಅಗ್ರಿಕೋಲನು ಬೆಟ್ಟವನ್ನು ಇಳಿದು ಸ್ಯಾಕ್ಸನಿಯ ಕೆಮ್‌ನಿಟ್ಸ್ ಪಟ್ಟಣಕ್ಕೆ ನಗರವೈದ್ಯನಾಗಿ ಬಂದನು. ಅಲ್ಲಿಯೇ ಅವನ ಉಳಿದ ಆಯುಷ್ಯವೆಲ್ಲ ಕಳೆಯಿತು. ೧೫೩೩ರಲ್ಲಿ ಗ್ರೀಕ್ ರೋಮನ್ನರ ತೂಕ ಅಳತೆಗಳ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದನು. ಇದು ಒಣ ಪಾಂಡಿತ್ಯವೆಂದು ತೋರಬಹುದು. ಆದರೆ ಹಳೆಯ ಗ್ರಂಥದ ಒಂದು ‘ದ್ರಾಖ್ಮ’ ಎಂದರೆ ಇಂದಿನ ತಕ್ಕಡಿಯಲ್ಲಿ ಎಷ್ಟೆಂದು ತಿಳಿಯದ ವೈದ್ಯನು ವಿಷದ್ರವ್ಯವನ್ನು ಅಳೆದು ಕೊಡುವ ಬಗೆ ಹೇಗೆ? ೧೫೪೬ರಲ್ಲಿ ಖನಿಜಗಳ ಸ್ವಭಾವವನ್ನು ಕುರಿತ ಗ್ರಂಥ ಬಂದಿತು. ಬಣ್ಣ, ಹೊಳಪು, ರುಚಿ, ಗಡಸುತನ, ಆಕಾರ, ಇವುಗಳಿಂದ ಕಲ್ಲುಗಳನ್ನು ವಿಂಗಡಿಸಿದ ಆ ಪುಸ್ತಕದಲ್ಲಿಯೂ ರೋಗಿಯ ಮೈಯನ್ನು ಪರೀಕ್ಷಿಸುವ ವೈದ್ಯನ ಕಣ್ಣೇ ಕೆಲಸ ಮಾಡಿದೆ.

ಆದರೆ ಅವನ ಮಹಾಕೃತಿ ‘ದೆ ರೆ ಮೆಟಾಲಿಕ’, ಲೋಹವಿಚಾರ. ಹನ್ನೆರಡು ಕಾಂಡಗಳು, ಇನ್ನೂರೈವತ್ತಕ್ಕೂ ಮಿಗಿಲಾದ ಮರದಚ್ಚಿನ ಚಿತ್ರಗಳು. ಎರಡು ದಶಕಗಳ ಪರಿಶ್ರಮ. ನೀರೆತ್ತುವ ಯಂತ್ರಗಳು, ಅದಿರು ಕುಟ್ಟುವ ಒನಕೆಗಳು, ಕುಲುಮೆಗಳು, ಎಲ್ಲವೂ ಅಲ್ಲಿ ಕಣ್ಣಿಗೆ ಕಟ್ಟಿದಂತೆ ಬರುತ್ತವೆ. ಯಂತ್ರಗಳನ್ನು ಮೆಚ್ಚುವವರು ಬಹಳ. ನಾವು ಈ ಪುಸ್ತಕದಲ್ಲಿ ವೈದ್ಯನನ್ನು ಹುಡುಕೋಣ.

ಮೊದಲನೆಯ ಕಾಂಡದಲ್ಲಿಯೇ ಅವನು ಸಿಗುತ್ತಾನೆ. ಗಣಿಯನ್ನು ನಡೆಸುವವನು ಬಲ್ಲವನಾಗಿರಬೇಕಾದ ವಿದ್ಯೆಗಳನ್ನು ಎಣಿಸುತ್ತ, ತತ್ತ್ವಶಾಸ್ತ್ರದ ತರುವಾಯ ಎರಡನೆಯದಾಗಿಯೇ ವೈದ್ಯವನ್ನು ಹೇಳಿದ್ದಾನೆ. ಬೇರೆ ಕಸಬಿನವರಿಗಿಂತ ಗಣಿಯವರಿಗೆ ಹೆಚ್ಚಾಗಿ ತಗಲುವ ರೋಗಗಳುಂಟು. ಅವು ಬಾರದಂತೆ ನೋಡಿಕೊಳ್ಳುವುದು, ಬಂದರೆ ತಾನಾಗಲಿ ವೈದ್ಯರ ಮೂಲಕವಾಗಲಿ ಗುಣಪಡಿಸುವುದು ಒಡೆಯನ ಕರ್ತವ್ಯ ಎಂದು ಅವನ ಅಭಿಪ್ರಾಯ. ನಾಲ್ಕನೆಯ ಕಾಂಡದಲ್ಲಿ ಕೆಲಸದ ಹೊತ್ತಿನ ವಿಚಾರ. ಹಗಲಿರುಳಿನ ೨೪ ಗಂಟೆಗಳಲ್ಲಿ ಮೂರು ಪಾಳಿ; ಒಂದೊಂದು ಪಾಳಿಗೆ ೭ ಗಂಟೆ; ಉಳಿದ ೩ ಗಂಟೆ ಒಂದು ತಂಡ ಹೊರಬಂದು ಇನ್ನೊಂದು ಒಳಹೋಗುವುದಕ್ಕೆ. ರಾತ್ರಿಯ ಪಾಳಿಯವರು ನಿದ್ದೆಯನ್ನು ತಡೆಯಲು ದೀಪದ ಬೆಳಕಿನಲ್ಲಿ ಹಾಡಿಕೊಂಡು ಕೆಲಸ ಮಾಡುತ್ತಾರೆಂದೂ, ಆ ಹಾಡು ಕಿವಿಗೆ ಹಿತವಾಗಿಯೇ ಇರುವುದೆಂದೂ ಬರೆದಿದ್ದಾನೆ. ಕೇಳಿದವನಲ್ಲದೆ ಈ ಮಾತನ್ನು ಬರೆಯಲಾರನು. ಒಬ್ಬನೇ ಎರಡು ಪಾಳಿಗಳನ್ನು ಒಟ್ಟಿಗೆ ಮಾಡುವುದನ್ನು ಕೆಲವೆಡೆ ತಡೆಯುತ್ತಾರೆ, ಏಕೆಂದರೆ ದಣಿದವನು ಗಣಿಯೊಳಗೇ ನಿದ್ರೆಹೋಗುತ್ತಾನೆ. ಬೇರೆ ಕೆಲವೆಡೆ ತಡೆಯುವುದಿಲ್ಲ, ಏಕೆಂದರೆ ಧಾನ್ಯದ ಬೆಲೆ ಏರಿದಾಗ ಒಂದು ಪಾಳಿಯ ಕೂಲಿಯಿಂದ ಹೊಟ್ಟೆ ತುಂಬದು. ಎರಡೇ ವಾಕ್ಯಗಳಲ್ಲಿ ಎಂತಹ ಸಂಕಟವನ್ನು ತಣ್ಣಗೆ ಹೇಳಿಬಿಟ್ಟಿದ್ದಾನೆ!

ಆರನೆಯ ಕಾಂಡದ ಕೊನೆಯ ಪುಟಗಳು ಪೂರ್ತಿಯಾಗಿ ವೈದ್ಯನವು. ತಣ್ಣೀರಿನಲ್ಲಿ ನಿಂತು ಅಗೆಯುವವರ ಕೀಲುಗಳು ಹಿಡಿದುಕೊಳ್ಳುತ್ತವೆ. ಅವರಿಗೆ ಹಸಿ ಚರ್ಮದ ಎತ್ತರವಾದ ಪಾದರಕ್ಷೆಗಳು ಬೇಕು. ಕೆಲವು ಅದಿರುಗಳು ಒದ್ದೆಯಾದಾಗ ಕೈಕಾಲುಗಳನ್ನು ತಿನ್ನುತ್ತವೆ. ಮೊಣಕೈವರೆಗೆ ಬರುವ ಕೈಗವಸುಗಳು ಬೇಕು. ಆಲ್ಟೆನ್‌ಬೆರ್ಗ್ ಗಣಿಗಳಲ್ಲಿ ಒಂದು ಬಗೆಯ ಕರಿಯ ದೂಳು ಗಾಯಗಳನ್ನು ಮೂಳೆಯವರೆಗೂ ಕೊರೆಯುತ್ತದೆ. ಕಬ್ಬಿಣವನ್ನೂ ತಿನ್ನುವುದರಿಂದ ಅಲ್ಲಿನ ಗುಡಿಸಲುಗಳಿಗೆ ಮರದ ಬೀಗದಕೈಗಳನ್ನು ಮಾಡಿಕೊಂಡಿದ್ದಾರೆ. ಒಣ ಗಣಿಗಳಲ್ಲಿ ಅಗೆಯುವಾಗ ಏಳುವ ದೂಳು ಗಂಟಲಿಗಿಳಿದು ಪುಪ್ಪಸವನ್ನು ಸೇರಿ ಉಬ್ಬಸವನ್ನು ಹುಟ್ಟಿಸುತ್ತದೆ. ಕೊರೆಯುವ ಗುಣವುಳ್ಳ ದೂಳಾದರೆ ಪುಪ್ಪಸವನ್ನು ಹುಣ್ಣಾಗಿಸಿ ದೇಹವನ್ನು ಕ್ಷಯಿಸುತ್ತದೆ. ಕಾರ್ಪೇಥಿಯನ್ ಬೆಟ್ಟಗಳ ಗಣಿಯೂರುಗಳಲ್ಲಿ ಒಬ್ಬರಾದ ಮೇಲೊಬ್ಬರಂತೆ ಏಳು ಗಂಡಂದಿರನ್ನು ಮದುವೆಯಾದ ಹೆಂಗಸರಿದ್ದಾರೆ. ಏಳು ಮಂದಿಯನ್ನೂ ಈ ರೋಗವೇ ಕೊಂಡೊಯ್ದಿದೆ ಎಂದು ಅವನು ಹೇಳುತ್ತಾನೆ. ಅವನು ಹೇಳುವ ಉಪಾಯ ಸರಳವಾದುದು: ಮುಖದ ಮೇಲೆ ಸಡಿಲವಾದ ಬಟ್ಟೆಯ ತೆರೆ ಕಟ್ಟಿಕೊಳ್ಳಬೇಕು, ತಿದಿಗಳಿಂದಲೂ ಬೀಸಣಿಗೆಯ ಯಂತ್ರಗಳಿಂದಲೂ ಒಳಕ್ಕೆ ಹೊಸ ಗಾಳಿಯನ್ನು ತಳ್ಳಬೇಕು.

ಇಲ್ಲಿ ನಾವು ಗಮನಿಸತಕ್ಕ ವಿಷಯವೊಂದುಂಟು. ಗ್ಯಾಲೆನನ ನಾಲ್ಕು ರಸಗಳು ಈ ಪುಟಗಳಲ್ಲಿ ಮೆಲ್ಲನೆ ಹಿಂದೆ ಸರಿದಿವೆ. ರೋಗದ ಮೂಲ ರೋಗಿಯ ಮೈಯೊಳಗಿನ ರಸದಲ್ಲಿಲ್ಲ, ಅವನು ಮಾಡುವ ಕೆಲಸದಲ್ಲಿದೆ. ಆದುದರಿಂದ ಚಿಕಿತ್ಸೆಯೂ ಔಷಧದ ಅಂಗಡಿಯಿಂದ ಬರುವುದಿಲ್ಲ, ಚಮ್ಮಾರನಿಂದಲೂ ಬಡಗಿಯಿಂದಲೂ ಬರಬೇಕು. ಇಂತಹ ವಿಚಾರವನ್ನು ಮುಟ್ಟಿದವನು ಇವನೊಬ್ಬನೇ ಅಲ್ಲ. ಔಗ್ಸ್‌ಬುರ್ಗ್ ನಗರದ ವೈದ್ಯನಾದ ಉಲ್ರಿಖ್ ಎಲ್ಲೆನ್‌ಬೋಗನು ಅಕ್ಕಸಾಲಿಗಳನ್ನು ಲೋಹದ ಹೊಗೆಯ ವಿಷದಿಂದ ಎಚ್ಚರಿಸುವ ಕಿರುಹೊತ್ತಗೆಯನ್ನು ೧೪೭೩ರಲ್ಲಿಯೇ ಬರೆದಿದ್ದನು. ಬಾಸೆಲ್ಲಿನ ನಗರವೈದ್ಯನಾಗಿ ವರ್ಷ ತುಂಬುವುದರೊಳಗೆ ಎಲ್ಲರೊಡನೆ ಜಗಳವಾಡಿ ಊರು ಬಿಟ್ಟ ಪ್ಯಾರಾಸೆಲ್ಸಸನು ಗಣಿಗಾರರ ರೋಗದ ಮೇಲೆಯೇ ಒಂದು ಗ್ರಂಥವನ್ನು ರಚಿಸಿದನು. ಅದು ಅಚ್ಚಾದದ್ದು ಮಾತ್ರ ೧೫೬೭ರಲ್ಲಿ, ಅವನು ಸತ್ತ ಮೇಲೆ. ಮೂವರೂ ಊರಿನ ಸಂಬಳ ತಿಂದ ವೈದ್ಯರೆಂಬುದು ಕಾಕತಾಳೀಯವಲ್ಲವೆಂದು ತೋರುತ್ತದೆ. ಅರಮನೆಯ ವೈದ್ಯನು ಒಬ್ಬ ದೊರೆಯ ಅಜೀರ್ಣವನ್ನು ನೋಡುತ್ತಾನೆ. ನಗರವೈದ್ಯನು ಒಂದೇ ಕಸಬಿನ ನೂರು ಮಂದಿಯಲ್ಲಿ ಒಂದೇ ಕೆಮ್ಮನ್ನು ನೋಡುತ್ತಾನೆ.

ಅವನು ತನ್ನ ಕಾಲದವನೂ ಹೌದು. ಗಣಿಯ ಭೂತಗಳನ್ನು ಅವನು ನಂಬಿದ್ದನು. ೧೫೪೯ರಲ್ಲಿ ಪ್ರಕಟವಾದ, ನೆಲದೊಳಗಿನ ಜೀವಿಗಳನ್ನು ಕುರಿತ ಪುಸ್ತಕದಲ್ಲಿ, ಆನ್ನಬೆರ್ಗಿನ ಒಂದು ಗಣಿಯಲ್ಲಿ ಭೂತವೊಂದು ಕುದುರೆಯ ರೂಪದಿಂದ ಬಂದು ಉಸಿರು ಬಿಟ್ಟು ಹನ್ನೆರಡು ಮಂದಿಗೂ ಹೆಚ್ಚು ಕೆಲಸದವರನ್ನು ಕೊಂದಿತೆಂದೂ, ಬೆಳ್ಳಿ ಸಮೃದ್ಧವಾಗಿದ್ದರೂ ಆ ಗಣಿಯನ್ನು ಬಿಟ್ಟುಬಿಟ್ಟರೆಂದೂ ಬರೆದಿದ್ದಾನೆ. ಇಂದು ಓದುವವರಿಗೆ ಇದು ನೆಲದಡಿಯ ಕೆಟ್ಟ ಗಾಳಿಯ ಕೆಲಸವೆಂದು ತೋರುವುದು ಸಹಜ. ಭೂತಕ್ಕೆ ಅವನು ಹೇಳಿದ ಪರಿಹಾರ ಪ್ರಾರ್ಥನೆ ಮತ್ತು ಉಪವಾಸ. ಕೆಟ್ಟ ಗಾಳಿಗೆ ಹೇಳಿದ್ದು ತಿದಿ. ಎರಡನ್ನೂ ಒಂದೇ ಗಂಭೀರತೆಯಿಂದ ಹೇಳಿದ್ದಾನೆ. ಕೋಬಾಲ್ಟ್ ಲೋಹದ ಹೆಸರು ಇಂತಹ ಗಣಿಯ ಪಿಶಾಚಿಯ ಹೆಸರಿನಿಂದಲೇ ಬಂದದ್ದೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಭೂತಗಳನ್ನು ನಾವು ಸುಲಭವಾಗಿ ಕ್ಷಮಿಸಬಹುದು. ಅದಕ್ಕಿಂತ ಕಷ್ಟವಾದದ್ದು ಇನ್ನೊಂದಿದೆ. ಮೊದಲನೆಯ ಕಾಂಡದಲ್ಲಿ ಅವನು ಗಣಿಯ ಕಸಬನ್ನು ನಿಂದಿಸುವವರಿಗೆ ಉತ್ತರ ಕೊಡುತ್ತಾನೆ. ಆ ನಿಂದಕರ ವಾದ ಪ್ರಬಲವಾದುದು: ಕಾಡುಗಳು ನಾಶವಾಗುತ್ತವೆ, ಹಕ್ಕಿ ಮೃಗಗಳು ಇಲ್ಲವಾಗುತ್ತವೆ, ಅದಿರು ತೊಳೆದ ನೀರು ಹೊಳೆಗಳನ್ನು ಸೇರಿ ಮೀನುಗಳು ಸಾಯುತ್ತವೆ, ಕೆಲಸದವರು ವಿಷಗಾಳಿಯಿಂದಲೂ ಕುಸಿತದಿಂದಲೂ ಮಡಿಯುತ್ತಾರೆ. ಅಗ್ರಿಕೋಲನು ಈ ವಾದವನ್ನು ಮುಚ್ಚಿಡದೆ ಪೂರ್ತಿಯಾಗಿ ಬರೆದು, ಅನಂತರ ಖಂಡಿಸುತ್ತಾನೆ. ಇಂತಹ ಅನಾಹುತಗಳು ಪದೇ ಪದೇ ಆಗುವುದಾದರೆ, ಇವುಗಳಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲವಾದರೆ, ಲೋಹಗಳನ್ನು ತೆಗೆಯುವುದನ್ನೇ ಬಿಡಬೇಕೆಂದು ತಾನೂ ಹೇಳುತ್ತಿದ್ದೆನೆಂದು ಒಪ್ಪಿಕೊಳ್ಳುತ್ತಾನೆ; ಆದರೆ ಅವು ಅಪರೂಪ, ಕೆಲಸದವರ ಅಜಾಗರೂಕತೆಯಿಂದ ಮಾತ್ರ ಆಗತಕ್ಕವು ಎಂದು ಮಾತು ಮುಗಿಸುತ್ತಾನೆ. ಆರನೆಯ ಕಾಂಡದ ಏಳು ಗಂಡಂದಿರು ಅಜಾಗರೂಕತೆಯಿಂದ ಸತ್ತವರೆ? ಉಸಿರಾಡಿದ್ದೇ ಅವರ ತಪ್ಪೆ? ಮೊದಲ ಕಾಂಡವನ್ನು ಪಾಲುದಾರನೂ ಆರನೆಯದನ್ನು ವೈದ್ಯನೂ ಬರೆದಂತೆ ನಮಗೆ ತೋರುತ್ತದೆ. ಇಬ್ಬರೂ ಒಂದೇ ಅಂಗಿಯೊಳಗಿದ್ದರು. ವೈದ್ಯನ ಪುಟಗಳನ್ನು ಪಾಲುದಾರನು ಹರಿದು ಹಾಕಲಿಲ್ಲವೆಂಬುದನ್ನು ಅವನ ಪರವಾಗಿ ಹೇಳಲೇಬೇಕು.

ಅವನು ಕಂಡ ರೋಗದ ಪೂರ್ಣ ವಿವರ ತಿಳಿಯಲು ಶತಮಾನಗಳು ಬೇಕಾದವು. ಅದೇ ಬೆಟ್ಟಸಾಲಿನ ಷ್ನೇಬೆರ್ಗ್ ಗಣಿಗಳ ಕೆಲಸದವರನ್ನು ಸಾಯಿಸುತ್ತಿದ್ದ ಪುಪ್ಪಸದ ವ್ಯಾಧಿ ಅರ್ಬುದವೆಂದು ೧೮೭೯ರಲ್ಲಿ ಹೆರ್ಟಿಂಗ್ ಮತ್ತು ಹೆಸ್ಸೆ ಎಂಬ ಇಬ್ಬರು ವೈದ್ಯರು ತೋರಿಸಿಕೊಟ್ಟರು. ಯೊಆಖಿಮ್ಸ್‌ಟಾಲಿನಲ್ಲಿ ಬೆಳ್ಳಿಯ ಜೊತೆಗೆ ಸಿಕ್ಕಿ, ಕೆಲಸಕ್ಕೆ ಬಾರದೆಂದು ಎಸೆಯುತ್ತಿದ್ದ ಕರಿಯ ಕಲ್ಲಿನಿಂದಲೇ ಕ್ಯೂರಿ ದಂಪತಿಗಳು ೧೮೯೮ರಲ್ಲಿ ರೇಡಿಯಮ್ಮನ್ನು ಕಂಡುಹಿಡಿದರು. ಆ ಕಲ್ಲು ಹೊರಸೂಸುವ ರೇಡಾನ್ ಎಂಬ ಅನಿಲವೇ ಅರ್ಬುದದ ಮುಖ್ಯ ಕಾರಣವೆಂದು ಇಪ್ಪತ್ತನೆಯ ಶತಮಾನದಲ್ಲಿ ಸಿದ್ಧವಾಯಿತು. ಬೆಣಚುಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಬೇರೆಯದು. ಅದರ ಪರಿಚಯ ನಮ್ಮ ನಾಡಿಗೂ ಉಂಟು. ಭಾರತದಲ್ಲಿ ಆ ವ್ಯಾಧಿ ಮೊದಲು ವರದಿಯಾದದ್ದು ೧೯೩೪ರಲ್ಲಿ, ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಗಳಿಂದ. ಹತ್ತು ಸಾವಿರ ಅಡಿಗಳಿಗೂ ಮೀರಿ ನೆಲದೊಳಕ್ಕಿಳಿದ ಆ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಕೆಮ್‌ನಿಟ್ಸಿನ ವೈದ್ಯನು ಹೇಳಿದ ಮುಖದ ತೆರೆ, ಹೊಸ ಗಾಳಿ ಎಂಬ ಎರಡು ಉಪಾಯಗಳನ್ನು ಬಿಟ್ಟು ಮೂರನೆಯದಾಗಿ ಕಾಲವು ಸೇರಿಸಿದ್ದು ದೂಳನ್ನು ನೀರಿನಿಂದ ಅಡಗಿಸುವುದೊಂದೇ. ಒಮ್ಮೆ ಗಾಯಗೊಂಡ ಪುಪ್ಪಸವನ್ನು ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ.

ಇನ್ನು ಅವನ ಕಡೆಯ ವರ್ಷಗಳು. ಸ್ಯಾಕ್ಸನಿಯ ಆ ಭಾಗವು ೧೫೩೯ರಲ್ಲಿ ಲೂಥರನ ಮತವನ್ನು ಸ್ವೀಕರಿಸಿತು. ಅಗ್ರಿಕೋಲನು ತನ್ನ ಹಳೆಯ ಕ್ಯಾಥೊಲಿಕ್ ಮತವನ್ನು ಬಿಡಲಿಲ್ಲ. ಆದರೂ ಅರಸನಾದ ಮೌರಿಟ್ಸನಿಗೆ ಅವನ ಯೋಗ್ಯತೆಯಲ್ಲಿ ನಂಬಿಕೆಯಿತ್ತು. ೧೫೪೬ರಲ್ಲಿ ಅವನನ್ನು ಕೆಮ್‌ನಿಟ್ಸಿನ ಪುರಾಧ್ಯಕ್ಷನನ್ನಾಗಿ ಮಾಡಿದನು. ಆಮೇಲೆಯೂ ಮೂರು ಬಾರಿ ಅವನು ಆ ಪದವಿಯನ್ನು ವಹಿಸಿದನು. ಯುದ್ಧದ ಕಾಲದಲ್ಲಿ ರಾಜಕಾರ್ಯಗಳಿಗಾಗಿ ಅರಸನ ಜೊತೆಯಲ್ಲಿ ತಿರುಗಬೇಕಾಯಿತು. ವೈದ್ಯನು, ಪುರಾಧ್ಯಕ್ಷನು, ರಾಯಭಾರಿ, ಇದರ ಮೇಲೆ ಸ್ಯಾಕ್ಸನಿಯ ರಾಜವಂಶಾವಳಿಯನ್ನು ಬರೆದುಕೊಡೆಂಬ ಅಪ್ಪಣೆ ಬೇರೆ. ಲೋಹವಿಚಾರದ ಅರ್ಪಣಪತ್ರಿಕೆಗೆ ೧೫೫೦ರ ಡಿಸೆಂಬರಿನ ತಾರೀಖಿದೆ. ಚಿತ್ರಗಳ ಅಚ್ಚುಗಳು ಸಿದ್ಧವಾಗುವುದರಲ್ಲಿ ವರ್ಷಗಳು ಕಳೆದವು. ೧೫೫೨ರ ಸುಮಾರಿಗೆ ಸ್ಯಾಕ್ಸನಿಗೆ ಪ್ಲೇಗು ಬಂದಿತು. ಅರವತ್ತರ ಸಮೀಪದಲ್ಲಿದ್ದ ನಗರವೈದ್ಯನು ರೋಗಿಗಳ ನಡುವೆ ಇದ್ದನು. ಆ ಅನುಭವದಿಂದ ಪ್ಲೇಗನ್ನು ಕುರಿತು ಮೂರು ಕಾಂಡಗಳ ಗ್ರಂಥವನ್ನು ೧೫೫೪ರಲ್ಲಿ ಪ್ರಕಟಿಸಿದನು. ಅದರಲ್ಲಿ ಗ್ಯಾಲೆನನ ಹಳೆಯ ರಸಗಳೇ ಮತ್ತೆ ಮೇಲುಗೈ 

ಪಡೆದಿವೆ. ಗಣಿಯ ದೂಳನ್ನು ಅವನು ಕಣ್ಣಿನಿಂದ ಕಾಣಬಹುದಾಗಿತ್ತು. ಪ್ಲೇಗಿನ ಕಾರಣವು ಆ ಕಾಲದ ಯಾವ ಕಣ್ಣಿಗೂ ಕಾಣತಕ್ಕದ್ದಾಗಿರಲಿಲ್ಲ.

೧೫೫೫ನೆಯ ಇಸವಿ ನವೆಂಬರ್ ೨೧ರಂದು, ನಾಲ್ಕು ದಿನಗಳ ಜ್ವರದಿಂದ ಅವನು ತೀರಿಕೊಂಡನು. ಬಾಲ್ಯದಿಂದಲೂ ಗಟ್ಟಿಮುಟ್ಟಾಗಿದ್ದವನೆಂದು ಅವನ ಮಿತ್ರನೂ ಮೈಸ್ಸೆನ್ ಪಾಠಶಾಲೆಯ ಮುಖ್ಯನೂ ಆಗಿದ್ದ ಫಾಬ್ರಿಸಿಯುಸನು ಮೆಲಾಂಕ್ಟನ್ ಪಂಡಿತನಿಗೆ ಬರೆದ ಪತ್ರದಿಂದ ತಿಳಿಯುತ್ತದೆ. ಅದೇ ಪತ್ರದಲ್ಲಿ ಸತ್ತವನ ಮತನಿಷ್ಠೆಯ ಬಗೆಗೆ ಅಸಮಾಧಾನವೂ ಉಂಟು. ಊರಿನ ಲೂಥರನ ಮತದ ಧರ್ಮಾಧಿಕಾರಿಗಳು ಅವನ ಶವಕ್ಕೆ ಕೆಮ್‌ನಿಟ್ಸಿನಲ್ಲಿ ಸಮಾಧಿಯ ಸ್ಥಳವನ್ನು ಕೊಡಲೊಪ್ಪಲಿಲ್ಲ. ಇಪ್ಪತ್ತನಾಲ್ಕು ವರ್ಷಗಳ ಕಾಲ ಆ ಊರಿನ ಬಡವರ ಬಾಗಿಲುಗಳನ್ನು ತಟ್ಟಿದವನು, ನಾಲ್ಕು ಬಾರಿ ಆ ಊರಿನ ಅಧ್ಯಕ್ಷನಾದವನು; ನೆಲದ ಒಳಗನ್ನು ಅವನಷ್ಟು ಬಲ್ಲವನು ಯೂರೋಪಿನಲ್ಲಿಯೇ ಇನ್ನೊಬ್ಬನಿರಲಿಲ್ಲ; ಅವನಿಗೆ ಆರಡಿ ನೆಲ ದೊರೆಯಲಿಲ್ಲ. ಗೆಳೆಯನಾದ ಬಿಷಪ್ ಯೂಲಿಯುಸ್ ಪ್ಫ್ಲೂಗನು ಶವವನ್ನು ಮೂವತ್ತು ಮೈಲಿಗೂ ದೂರದ ಟ್ಸೈಟ್ಸ್ ಪಟ್ಟಣಕ್ಕೆ ತರಿಸಿ, ಅಲ್ಲಿನ ದೊಡ್ಡ ದೇವಾಲಯದಲ್ಲಿ ಮಣ್ಣು ಮಾಡಿಸಿದನು.

ಲೋಹವಿಚಾರವು ಮಾರನೆಯ ವರ್ಷ, ೧೫೫೬ರ ಮಾರ್ಚಿಯಲ್ಲಿ, ಬಾಸೆಲ್ಲಿನ ಫ್ರೋಬೆನ್ ಮುದ್ರಣಾಲಯದಿಂದ ಹೊರಬಿತ್ತು. ಅದು ಲ್ಯಾಟಿನಿನಲ್ಲಿತ್ತು, ಗಣಿಗಿಳಿಯುವವರಲ್ಲಿ ಅದನ್ನು ಓದಬಲ್ಲವರು ಇರಲಿಲ್ಲ. ೧೯೧೨ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು, ಮುಂದೆ ಅಮೆರಿಕದ ಅಧ್ಯಕ್ಷನಾದ ಗಣಿಯ ಎಂಜಿನಿಯರ್ ಹರ್ಬರ್ಟ್ ಹೂವರ್ ಮತ್ತು ಅವನ ಪತ್ನಿ ಲೂ ಹೆನ್ರಿ ಹೂವರ್. ಆದರೆ ಅದಕ್ಕೂ ಬಹಳ ಮೊದಲು, ೧೫೫೭ರಲ್ಲಿಯೇ, ಬಾಸೆಲ್ಲಿನ ಪ್ರಾಧ್ಯಾಪಕನಾದ ಫಿಲಿಪ್ ಬೆಖ್ ಎಂಬುವನು ಗ್ರಂಥವನ್ನು ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದನು. ಅನುವಾದ ಒರಟು, ಎಷ್ಟೋ ಕಡೆ ತಪ್ಪು ಎಂದು ಬಲ್ಲವರ ಮತ. ಚರ್ಮದ ಪಾದರಕ್ಷೆ, ಮೊಣಕೈಯ ಕವಸು, ಮುಖದ ತೆರೆಗಳ ಮಾತುಗಳು ಗಣಿಗಾರರ ಮನೆಮಾತಿನಲ್ಲಿ ಮೊದಲು ಅಚ್ಚಾದದ್ದು ಅದರಲ್ಲಿಯೇ. ಆ ಬೆಖ್‌ನೂ ವೈದ್ಯನೇ ಆಗಿದ್ದನು.